ತೊಳೆದ ತೋಟಾಗಳು

“ಗುರುಗಳೇ, ನನ್ನ ಕೋಪ ಹೋಗಿದೆಯೋ ಇಲ್ಲವೋ ನನಗೇ ತಿಳಿಯದು. ಏನು ಮಾಡಲಿ?” ಎಂದು ಚನ್ನಂಜ ಕೇಳಿದ.

ಹಿಂದೊಮ್ಮೆ ಹೊಲದ ಬದುವಿನ ಜಗಳದಲ್ಲಿ ಅವನು ಸ್ವಂತ ತಮ್ಮನ ಮೇಲೆ ಗುದ್ದಲಿ ಎತ್ತಿದ್ದ. ಮರುದಿನವೇ ಊರು ಬಿಟ್ಟು ಮಠ ಸೇರಿದ. ಅಂದಿನಿಂದ ಜಪ, ಮೌನ, ಉಪವಾಸ. ಈಗ ಮನಸ್ಸಿನಲ್ಲಿ ಕೋಪದ ಕಪ್ಪು ಹುಡುಕಿದರೂ ಕಾಣದು. ಆದರೆ ತಮ್ಮನ ಮಗಳ ಮದುವೆಗೆ ಕರೆ ಬಂದಿದೆ. ಹೋದರೆ ಮತ್ತೆ ಕೈ ಎದ್ದೀತೇ? ಹೋಗದಿದ್ದರೆ ಆ ಸಂಬಂಧ ಇನ್ನು ಸತ್ತಂತೆಯೇ.

ಗುರುಗಳು ಕತೆ ಹೇಳಿದರು.

ಕಾಡಂಚಿನ ಊರೊಂದರಲ್ಲಿ ತೋಟಾ ತುಂಬುವವನೊಬ್ಬನಿದ್ದ. ಕೋವಿ ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆ ಕೊಳವೆಗಳನ್ನು ಹೊಲ ಕಾಯುವವರು ಅವನಿಗೆ ತಂದುಕೊಡುವರು. ಅವನು ಅವನ್ನು ತಿಕ್ಕಿ ತೊಳೆದು, ಮತ್ತೆ ಮದ್ದು, ಸೀಸದ ಚರೆ ತುಂಬಿ ಕೊಡುವನು. ತೊಳೆಯುವ ಮೊದಲು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುವುದು ಅವನ ಕ್ರಮ. ಕೊಳವೆ ಸೀಳಿದ್ದರೆ ಮದ್ದಿನ ಹೊಗೆ ಅಲ್ಲಿಂದ ಸೋರಿ, ಹೊರಮೈಮೇಲೆ ಮಸಿಯ ಗೆರೆ ಎಳೆದಿರುತ್ತದೆ. ಸೀಳು ಕೂದಲೆಳೆಗಿಂತ ಸಣ್ಣದು. ಕಣ್ಣಿಗೆ ಬೀಳುವುದು ಮಸಿ ಮಾತ್ರ. ಅಂಥದ್ದನ್ನು ಮತ್ತೆ ತುಂಬಿದರೆ ಹಾರಿಸಿದವನ ಮುಖಕ್ಕೇ ಸಿಡಿದೀತು.

ಒಂದು ಆಯುಧಪೂಜೆಯ ಬೆಳಗ್ಗೆ ಅವನಿಗೆ ಅವಸರ. ಆತುರಗಾರನಿಗೆ ಬುದ್ಧಿ ಮಟ್ಟ. ದೇವರ ಮುಂದೆ ಮಸಿ ಹಿಡಿದದ್ದನ್ನು ಇಡುವುದುಂಟೇ ಎಂದು ಇಡೀ ಬುಟ್ಟಿಯನ್ನೇ ಹುಣಸೆ ನೀರಿಗೆ ಸುರಿದ. ಸುರಿಯುವಾಗ ಒಂದರ ಮೈಮೇಲೆ ಕಪ್ಪು ಗೆರೆ ಕಂಡಂತಾಯಿತು. ಆಮೇಲೆ ತೆಗೆದರಾಯಿತು ಎಂದುಕೊಂಡು ಬೂದಿ ಹಾಕಿ ತಿಕ್ಕಿದ. ಎಲ್ಲವೂ ಫಳಫಳ ಹೊಳೆದವು.

ಆಗ ಅವನಿಗೆ ಆ ಕಪ್ಪು ಗೆರೆ ನೆನಪಾಯಿತು. ಗೆರೆ ಇದ್ದದ್ದು ಯಾವುದು? ಉಗುರಿನಿಂದ ಸವರಿದ, ಕಿವಿಯ ಬಳಿ ಹಿಡಿದು ತಟ್ಟಿದ. ಇದೇ ಎಂದು ಒಂದನ್ನು ಬದಿಗಿಟ್ಟ. ಅಲ್ಲ, ಅದಿರಬೇಕು ಎಂದು ಇನ್ನೊಂದನ್ನು ಇಟ್ಟ. ಕೊನೆಗೆ ತಾನು ಕಂಡದ್ದು ಗೆರೆಯೋ ಬರಿಯ ನೆರಳೋ ಎಂಬುದೂ ತಿಳಿಯದಾಯಿತು. ತನ್ನ ಕಣ್ಣನ್ನೇ ನಂಬದವನು ಇನ್ನು ಯಾರನ್ನು ಕೇಳಿಯಾನು?

ಪೂಜೆ ಮುಗಿಯುತ್ತಲೇ ಅಳಿಯ ಬಂದ. ಅವನ ಜೋಳದ ಹೊಲಕ್ಕೆ ಹಂದಿ ನುಗ್ಗುತ್ತಿದ್ದವು.

“ಮಾವ, ಚಿನ್ನದಂಗೆ ಹೊಳೀತಾವಲ್ಲ! ಬೇಗ ತುಂಬ್ಕೊಡಿ.”

“ಇದ್ರಲ್ಲಿ ಒಂದು ಸೀಳೈತೆ ಕಣಪ್ಪ.”

“ಯಾವುದು?”

“ಅದನ್ನೇ ತೊಳೆದುಬಿಟ್ನಲ್ಲ!”

ಅಳಿಯ ನಕ್ಕ. ಇಷ್ಟು ಹೊಳೆಯುವುದರಲ್ಲಿ ಎಂಥ ದೋಷ ಎಂದ. ಮಾವನಿಗೆ ಮಗಳ ಮುಖ ಕಣ್ಮುಂದೆ ಬಂತು. ಅವನು ಬುಟ್ಟಿ ಎತ್ತಿಕೊಂಡು ಹೋಗಿ ಎಲ್ಲವನ್ನೂ ಕಂಚುಗಾರನ ಕುಲುಮೆಗೆ ಸುರಿದ. ಅಳಿಯ ಬೈದುಕೊಳ್ಳುತ್ತಾ ತಮಟೆ ಹಿಡಿದು ಹೊಲಕ್ಕೆ ಹೋದ. ಆ ವರ್ಷ ಅರ್ಧ ಬೆಳೆ ಹಂದಿಯ ಪಾಲಾಯಿತು.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು. ಚನ್ನಂಜನ ಗೊಂದಲ ಇಮ್ಮಡಿಯಾಯಿತು.

“ಹಾಗಾದರೆ ತೊಳೆಯುವುದೇ ತಪ್ಪೇ, ಗುರುಗಳೇ? ಜಪ ಬಿಟ್ಟುಬಿಡಲೇ?”

“ಜಪಕ್ಕೆ ಕೂರುವ ಮೊದಲು, ಆ ಕೋಪ ಎಲ್ಲಿಂದ ಸೋರಿತ್ತು ಎಂದು ನೋಡಿದ್ದೆಯಾ?”