ಬೆಣಚುಪಾಳ್ಯದ ಸೊಲ್ಲುಗಲ್ಲು

ಬೆಣಚುಪಾಳ್ಯದಿಂದ ಪಡುವಣಕ್ಕೆ ಅರ್ಧ ಮೈಲಿ ನಡೆದರೆ ಹುರುಳಿ ಹೊಲಗಳ ನಡುವೆ, ಬೋರಲು ಹಾಕಿದ ಬಾಣಲೆಯಂತೆ, ಒಂದು ಬೋಳು ಬಂಡೆ ಕಾಣುತ್ತದೆ. ಅದೇ ಸೊಲ್ಲುಗಲ್ಲು. ನೆತ್ತಿಯ ಮೇಲೆ ಆಳೆತ್ತರದ ಕಲ್ಲಿನ ಶಿಲುಬೆ, ಅದರ ಬುಡದಲ್ಲಿ ಮೇಣದಬತ್ತಿ ಉರಿದು ಕಪ್ಪಾದ ಗೂಡು; ಇಷ್ಟು ಬಿಟ್ಟರೆ ನೋಡುವುದಕ್ಕೆ ಅಲ್ಲಿ ಏನೂ ಇಲ್ಲ. ಪೇಟೆಯಿಂದ ಬಂದವರು ಫೋಟೋ ತೆಗೆಸಿಕೊಂಡು, "ಇಷ್ಟೇನಾ?" ಎಂದು ಇಳಿದುಬಿಡುತ್ತಾರೆ. ಬಂಡೆಗೆ ಕಿವಿಯಿಟ್ಟರೆ ಸೊಲ್ಲು ಕೇಳಿಸುತ್ತದೆ ಎಂದು ಯಾರೋ ಪುಣ್ಯಾತ್ಮರು ಬೇರೆ ಹಬ್ಬಿಸಿದ್ದಾರೆ. ಬಿಸಿಲಿಗೆ ಕಾದ ಕಲ್ಲಿನಲ್ಲಿ ಕಿವಿ ಸುಟ್ಟುಕೊಂಡವರನ್ನು ಕಂಡಿದ್ದೇನೆ, ಸೊಲ್ಲು ಕೇಳಿಸಿಕೊಂಡವರನ್ನು ಕಂಡಿಲ್ಲ. ಈ ಊರಿನ ಶಾಲೆಯಲ್ಲಿ ಮೂವತ್ತು ವರ್ಷ ಮೇಷ್ಟ್ರಾಗಿದ್ದವನು ನಾನು. ಹಿರಿಯರಿಂದ ಕೇಳಿದ್ದನ್ನು ಕೇಳಿದ ಹಾಗೆ ಹೇಳುತ್ತೇನೆ.

ಹಿಂದೆ ಒಮ್ಮೆ, ನಮ್ಮ ತಾತ ಇನ್ನೂ ಹುಟ್ಟುವ ಮೊದಲು, ಈ ಸೀಮೆಗೆ ಪ್ಲೇಗು ಬಂತು. ಇಲಿ ಸತ್ತು ಬಿದ್ದ ಊರನ್ನು ಬಿಡಬೇಕು ಎಂಬುದು ಆಗಿನ ಕಟ್ಟಳೆ. ಬೆಣಚುಪಾಳ್ಯದ ಕ್ರೈಸ್ತರು ಮನೆಗಳಿಗೂ ಚರ್ಚಿಗೂ ಬೀಗ ಹಾಕಿ ಈ ಬಂಡೆಯ ಸುತ್ತ ಗುಡಿಸಲು ಕಟ್ಟಿಕೊಂಡರು. ಚರ್ಚಿನ ಗುರುಗಳು ಕುದುರೆಯೇರಿ ಬರುತ್ತಿದ್ದುದು ಎರಡು ಮೂರು ತಿಂಗಳಿಗೊಮ್ಮೆ. ಉಳಿದ ಭಾನುವಾರಗಳಲ್ಲಿ ಜಪ ಹೇಳಿಸುತ್ತಿದ್ದವನು ಉಪದೇಶಿ ಚೌರಪ್ಪ. ಊರಿಗೆಲ್ಲ ಓದು ಬರುತ್ತಿದ್ದುದು ಅವನೊಬ್ಬನಿಗೆ. ನಂಬಿಕೆಯನ್ನೆಲ್ಲ ಅಡಕವಾಗಿ ಹೇಳುವ ವಿಶ್ವಾಸ ಪ್ರಮಾಣವನ್ನು ಅವನು ಬಂಡೆಯ ನೆತ್ತಿಯಲ್ಲಿ ನಿಂತು ಒಂದೊಂದೇ ಸಾಲಾಗಿ ಹೇಳುವನು. ಜನ ಕೆಳಗೆ ನಿಂತು ಅದನ್ನೇ ತಿರುಗಿ ಹೇಳುವರು. ತನ್ನ ನಾಲಿಗೆ ನಿಂತರೆ ಊರಿನ ವಿಶ್ವಾಸವೇ ನಿಂತಂತೆ ಎಂದು ಚೌರಪ್ಪ ತಿಳಿದಿದ್ದನಂತೆ. ಪಾಪ, ಓದಿದವರಿಗೆ ಬರುವ ಭ್ರಮೆ ಅದು. ನನಗೂ ಬಹಳ ದಿನ ಇತ್ತು.

ಪಾಸ್ಕ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಶುರುವಾಗುವ ಹೊತ್ತಿಗೆ ಚೌರಪ್ಪನ ಹೆಂಡತಿ ತೀರಿಕೊಂಡಳು. ಒಂಬತ್ತನೆಯ ದಿನಕ್ಕೆ ಏಳು ವರ್ಷದ ಮಗಳು ಲೂರ್ದಮ್ಮನೂ ಹೋದಳು. ಮಗುವನ್ನು ಚಾಪೆಯಲ್ಲಿ ಸುತ್ತಿ, ಮೇಲೆ ಸುಣ್ಣ ಸುರಿದು, ಅವನೇ ಮಣ್ಣು ಮಾಡಿ ಬಂದ. ಮುಂದಿನ ಭಾನುವಾರ ಬಂಡೆ ಹತ್ತಿದ. ಸತ್ತವರು ಎದ್ದು ಬರುವರು, ನಿತ್ಯಜೀವ ಉಂಟು ಎಂಬ ಕೊನೆಯ ಸಾಲು ಬಂದಾಗ ಅವನ ಬಾಯಿ ನಿಂತುಹೋಯಿತು. ಜನ ಕಾದರು. ಅವನು ಇಳಿದು ಸೂಲಗಿತ್ತಿ ಅಂತೋಣಮ್ಮನ ಗುಡಿಸಲಿಗೆ ಹೋಗಿ, ಜಪದ ಪುಸ್ತಕವನ್ನು ಅವಳ ಮುಂದಿಟ್ಟ. ಅವನ ತಾಯಿಗೂ ಅವನ ಹೆಂಡತಿಗೂ ಹೆರಿಗೆ ಮಾಡಿಸಿದವಳು ಆ ಮುದುಕಿಯೇ.

"ಅಜ್ಜೀ, ಆ ಮಾತು ನಂಗೆ ಬರಾಕಿಲ್ಲ. ನಂಬ್ದೇ ಇರೋನು ನಿಮ್ಗೆ ಹೆಂಗೆ ಹೇಳ್ಕೊಡ್ಲಿ? ದೇವ್ರ ಮುಂದೆ ಸುಳ್ಳಾಡ್ಲಾ?"

"ಸುಳ್ಳಾಡ್ಬ್ಯಾಡ," ಎಂದಳಂತೆ ಅಂತೋಣಮ್ಮ. "ಬರೋಗಂಟ ಹೇಳು. ನಿಲ್ಲೋ ಕಡೆ ನಿಲ್ಲು. ರಾಗಿ ಬೀಸೋವಾಗ ಪದ ಹಾಡೋಳಿಗೆ ಉಸಿರು ಕಟ್ಟಿದ್ರೆ ಜೊತೆಯೋಳು ಸೊಲ್ಲು ಎತ್ಕಳಾಕಿಲ್ವಾ? ಕಲ್ಲೇನು ನಿಂತೋಯ್ತದಾ? ನಾವಿಲ್ವೇನಪ್ಪಾ? ಪುಸ್ತಕ ತಗಂಡೋಗು, ನಂಗೇನು ಓದಾಕೆ ಬತ್ತದಾ?"

ಮುಂದಿನ ಭಾನುವಾರ ಅವನು ಅದೇ ಸಾಲಿನಲ್ಲಿ ನಿಂತ. ಅಂತೋಣಮ್ಮ ಸೊಲ್ಲೆತ್ತಿದಳು, ಹಿಂದೆಯೇ ಜನವೆಲ್ಲ ಎತ್ತಿಕೊಂಡಿತು. ಅವರಲ್ಲಿ ಸಾವು ಕಾಣದ ಗುಡಿಸಲಿನವರು ಒಬ್ಬರೂ ಇರಲಿಲ್ಲ. ಚೌರಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡ. ಹೀಗೆ ಐದು ಭಾನುವಾರ. ನಡುವಿನ ದಿನಗಳಲ್ಲಿ ಹೊಲದ ಬದುವಿನ ಮೇಲೆ ನಿಂತು ದೇವರನ್ನು ಬಾಯಿಗೆ ಬಂದಂತೆ ಬಯ್ಯುತ್ತಿದ್ದನಂತೆ. ಆದರೆ ಭಾನುವಾರ ಮಾತ್ರ ತಪ್ಪಿಸಲಿಲ್ಲ. ಅಲ್ಲಿಗೆ ಬಂದು ನಿಲ್ಲುವುದೊಂದೇ ಅವನ ಕೈಲಿ ಉಳಿದಿದ್ದ ವಿಶ್ವಾಸ, ಅದನ್ನು ಅವನು ಬಿಡಲಿಲ್ಲ. ಇದನ್ನು ಹೇಳುವಾಗಲೆಲ್ಲ ನನಗೆ ಅವನ ಮೇಲೆ ಪ್ರೀತಿ ಉಕ್ಕಿ ಬರುತ್ತದೆ.

ಯೇಸು ಸತ್ತು ಎದ್ದ ದಿನವಾದ ಪಾಸ್ಕ ಹಬ್ಬದ ಹಿಂದಿನ ವಾರ ಅಂತೋಣಮ್ಮನ ಒಬ್ಬನೇ ಮಗ ಪ್ಲೇಗಿಗೆ ತುತ್ತಾದ. ಹಬ್ಬದ ಬೆಳಗ್ಗೆ ಮುದುಕಿ ಬಂದು ಎಂದಿನ ಜಾಗದಲ್ಲಿ ನಿಂತಳು. ಚೌರಪ್ಪ ಆ ಸಾಲಿಗೆ ಬಂದು ನಿಂತ. ಅಂತೋಣಮ್ಮ ಬಾಯಿ ತೆರೆದಳು, ದನಿ ಹೊರಡಲಿಲ್ಲ. ಇನ್ನೊಮ್ಮೆ ತೆರೆದಳು, ಆಗಲೂ ಇಲ್ಲ. ಅವಳ ಮುಖ ನೋಡಿದ ಜನವೂ ಸೊಲ್ಲೆತ್ತಲಿಲ್ಲ. ಆಗ ಚೌರಪ್ಪ, ಆ ಮುದುಕಿಯನ್ನೇ ನೋಡುತ್ತ, "ಸತ್ತೋರು ಎದ್ದು ಬತ್ತಾರೆ ಕಣಜ್ಜೀ! ನಿನ್ನ ಮಗ ಬತ್ತಾನೆ, ನನ್ನ ಲೂರ್ದಿ ಬತ್ತಾಳೆ! ನಂಬ್ತೀನಿ, ನಾನು ನಂಬ್ತೀನಿ!" ಎಂದು ಕೂಗಿದ. ಪುಸ್ತಕದಲ್ಲಿ ಆ ಸಾಲು ಹಾಗಿಲ್ಲ, ಯಾರೂ ತಿದ್ದಲಿಲ್ಲ. ಜನ ಅದನ್ನೇ ಮೂರು ಸಲ ತಿರುಗಿ ಕೂಗಿದರು. ಮೂರನೆಯ ಸಲಕ್ಕೆ ಎಲ್ಲರ ದನಿಗಿಂತ ಮೇಲೆ ಅಂತೋಣಮ್ಮನ ದನಿ ಕೇಳಿಸಿತು ಎನ್ನುತ್ತಾರೆ.

ಮಳೆಗಾಲಕ್ಕೆ ಪ್ಲೇಗು ಇಳಿದು ಊರು ತುಂಬಿತು. ಅನುಮಾನ ಪೂರಾ ಹೋಯಿತೇ ಎಂದು ಗುರುಗಳು ಕೇಳಿದಾಗ ಚೌರಪ್ಪ, "ಅದು ಹೋಗಿಲ್ಲ ಸ್ವಾಮೀ, ನಾನೂ ಹೋಗಿಲ್ಲ" ಎಂದನಂತೆ. ಇನ್ನೂ ನಲವತ್ತು ವರ್ಷ ಅವನೇ ಜಪ ಹೇಳಿಸಿದ.

ಇಂದಿಗೂ ಪಾಸ್ಕದ ಬೆಳಗ್ಗೆ ಬಂದವರು ನೋಡಬಹುದು: ಗುರುಗಳು ಬಂಡೆಯ ಮೇಲೆ ವಿಶ್ವಾಸ ಪ್ರಮಾಣ ಹೇಳಿಸುತ್ತ ಕೊನೆಯ ಸಾಲಿಗೆ ಬಂದು ನಿಂತುಬಿಡುತ್ತಾರೆ. ಆ ವರ್ಷ ಮನೆಯವರನ್ನು ಮಣ್ಣು ಮಾಡಿದವರು ಮುಂದೆ ಬಂದು ಸೊಲ್ಲೆತ್ತಬೇಕು, ಜನ ಅದನ್ನು ಮೂರು ಸಲ ತಿರುಗಿ ಕೂಗಬೇಕು. ಹೋದ ವರ್ಷ ಆ ಸರದಿ ನನ್ನದು. ನನ್ನಾಕೆ ತೀರಿಕೊಂಡು ಆಗಿನ್ನೂ ಎರಡು ತಿಂಗಳಾಗಿತ್ತು. ಈ ಕಥೆಯನ್ನು ಸಾವಿರ ಸಲ ಹೇಳಿದ ನನ್ನ ಬಾಯಿಂದ ಒಂದಕ್ಷರ ಹೊರಡಲಿಲ್ಲ. ಬೆನ್ನ ಹಿಂದೆ, ನಾನು ಅಕ್ಷರ ಕಲಿಸಿದ ಇನ್ನೂರು ಜನ ಒಟ್ಟಿಗೆ ಎತ್ತಿಕೊಂಡರು. ಮೊದಲ ಸಲ ಅತ್ತುಬಿಟ್ಟೆ, ಎರಡನೆಯ ಸಲ ತುಟಿ ಆಡಿಸಿದೆ, ಮೂರನೆಯ ಸಲ ಅವರೆಲ್ಲರಿಗಿಂತ ಜೋರಾಗಿ ಕೂಗಿದೆ.