ಗೌಡರ ಗೊರಕೆ ಕದ್ದ ತಿರುಕಪ್ಪ

ನಮ್ಮ ಅಜ್ಜನ ಅಜ್ಜನಿಗೂ ಮೀಸೆ ಮೂಡದ ಕಾಲ. ಕಂಟಿಹಾಳ ಅಂತ ಒಂದೂರು. ಆ ಊರಲ್ಲಿ ಜೋಗೇರ ತಿರುಕಪ್ಪ ಅಂತ ಒಬ್ಬನಿದ್ದನಂತೆ. ಹೆಗಲಿಗೆ ಜೋಳಿಗೆ, ಎದೆಗೆ ಕಿನ್ನರಿ. ಒಂದು ಬಿದಿರು, ಮೂರು ಸೋರೆಬುರುಡೆ, ಒಂದೆರಡು ತಂತಿ. ಇಷ್ಟರಲ್ಲೇ ಅವನು ಇಡೀ ಊರನ್ನು ಹಿಡಿದು ಕೂರಿಸುತ್ತಿದ್ದನಂತೆ.

ಬೇರೆ ಜೋಗಿಗಳು ಮನೆ ಮುಂದೆ ನಿಂತು ದೇವರ ಪದ ಹಾಡೋರು. ತಿರುಕಪ್ಪ ಹಾಡುತ್ತಿರಲಿಲ್ಲ. ತಾನೇ ಕಟ್ಟಿದ್ದನ್ನು ಬರೀ ನುಡಿಸುತ್ತಿದ್ದ, ಅದಕ್ಕೆ ಮಾತೇ ಇಲ್ಲ. ಮಾಳವ್ವ ರೊಟ್ಟಿ ಬಡಿಯೋದು ಕೇಳಿ ಒಂದು ಕಟ್ಟಿದ. ಮೇಕೆಮರಿ ಕಟ್ಟೆಯಿಂದ ಜಿಗಿದು ಮುಗ್ಗರಿಸಿದ್ದು ನೋಡಿ ಒಂದು ಕಟ್ಟಿದ. ಅತ್ತೆ ಸೊಸೆ ಜಗಳಕ್ಕೆ ಮಾತ್ರ ಎರಡು ಕಿನ್ನರಿ ಬೇಕಾದವು. ಅತ್ತೆಯ ಪಾಲು ಅವನದು, ಸೊಸೆಯ ಪಾಲು ಹೆಂಡತಿ ಗುಂಡವ್ವನದು. ಅದನ್ನು ನುಡಿಸಿದರೆ ಸೊಸೆಯಂದಿರು ಒಂದು ಬೊಗಸೆ ಜೋಳ ಹೆಚ್ಚಿಗೆ ಹಾಕುತ್ತಿದ್ದರಂತೆ, ಅತ್ತೆಯಂದಿರು ಜೋಳಿಗೆಗೆ ಕೈಹಾಕಿ ವಾಪಸ್ ತೆಗೆಯುತ್ತಿದ್ದರಂತೆ.

ಹೀಗಿರುವಾಗ ಒಂದು ಮಧ್ಯಾಹ್ನ ಫಕೀರಗೌಡ ಚಾವಡಿಯಲ್ಲಿ ಉಂಡು ಮಲಗಿದ್ದ. ಊರಿಗೆ ಗೌಡ ಅವನು, ಗೊರಕೆಯೂ ಗೌಡರದ್ದೇ. ಒಳಗೆಳೆದರೆ ಬೀಸುವ ಕಲ್ಲು, ಹೊರಗೆ ಬಿಟ್ಟರೆ ಇಳಿಜಾರಲ್ಲಿ ಚಕ್ಕಡಿ. ಕೇಳಿದ ಮೇಲೆ ತಿರುಕಪ್ಪನ ಬೆರಳು ಸುಮ್ಮನಿರಲಿಲ್ಲ. ಮರುದಿನ ಓಣಿ ಓಣಿಯಲ್ಲಿ ಕಿನ್ನರಿಯೊಳಗಿಂದ ಗೊರಕೆ ಹೊರಟಿತು. ಊರು ಬಿದ್ದು ಬಿದ್ದು ನಕ್ಕಿತು. ಗೌಡನ ಎತ್ತೂ ನಕ್ಕಿತಂತೆ, ನಂಬೋರು ನಂಬಲಿ.

ಗೌಡ ಕೆಂಡವಾದ. ಈ ಸೀಮೆಯೊಳಗಿನ ಸದ್ದೆಲ್ಲ ನನ್ನದು, ಜೋಗಿಗೆ ಯಾರೂ ಹಿಡಿ ಕಾಳು ಹಾಕುವಂತಿಲ್ಲ ಅಂದ. ಹತ್ತನೇ ದಿನ ಜೋಗಿ ಚಾವಡಿಗೆ ಬಂದು, ಊರಿನ ಯಾವ ಸದ್ದನ್ನೂ ಕದಿಯದೆ ಒಂದು ಹೊಸದನ್ನು ನುಡಿಸಬೇಕು. ಆಗದಿದ್ದರೆ ಕಿನ್ನರಿ ಒಲೆಗೆ, ಜೋಗಿ ಸೀಮೆಯಾಚೆಗೆ. ಡಂಗುರದ ಸದ್ದನ್ನೂ ಎಲ್ಲಿ ಕದ್ದಾನೋ ಅಂತ ತಳವಾರ ಹಲಗೆ ಬಾರಿಸದೆ ಮನೆಮನೆಗೆ ಹೋಗಿ ಕಿವಿಯಲ್ಲಿ ಪಿಸುಗುಟ್ಟಿದನಂತೆ.

ಊರು ಹೆದರಿತು. ಎತ್ತಿನ ಗಂಟೆಗೆ ಅರಿವೆ ತುರುಕಿದರು. ಮಾಳವ್ವ ರೊಟ್ಟಿಯನ್ನು ಬಡಿಯದೆ ಕೂಸಿನ ಬೆನ್ನು ಸವರಿದಂತೆ ಸವರಿದಳು, ಒಂದೊಂದು ರೊಟ್ಟಿ ಕಂಬಳಿಯಷ್ಟು ದಪ್ಪ.

"ಬೇರೆ ಊರಿಗೆ ಹೋಗೂಣು ನಡಿ," ಅಂದಳು ಗುಂಡವ್ವ. "ಗೊರಕಿ ಹೊಡಿಯೋರು ಅಲ್ಲೂ ಇರ್ತಾರ."

"ಇಲ್ಲೇ ಕಟ್ಟೀನಿ, ಇಲ್ಲೇ ನುಡಿಸ್ತೀನಿ," ಅಂದ ತಿರುಕಪ್ಪ.

ಗೌಡನದಲ್ಲದ ಸದ್ದು ಹುಡುಕಿದ. ಗಾಳಿ ಗೌಡನ ಹೊಲ ದಾಟಿ ಬರುತ್ತಿತ್ತು. ಹಳ್ಳ ಗೌಡನ ತೋಟಕ್ಕೆ ಹೋಗುತ್ತಿತ್ತು. ಗುಬ್ಬಿ ತಿನ್ನೋದೂ ಗೌಡನ ಜೋಳವೇ. ಐದನೇ ದಿನಕ್ಕೆ ಮನೆಯ ಕಾಳು ಮುಗಿಯಿತು. ಎಂಟನೇ ದಿನ ಕಿನ್ನರಿಯ ಬುರುಡೆಗೆ ಕಿವಿಯಿಟ್ಟು ಕೂತಾಗ ಗುರ್ ಅಂತು. ಬುರುಡೆಯೇ ಅಂದುಕೊಂಡ. ಮತ್ತೆ ಗುರ್, ಆಮೇಲೆ ಸಣ್ಣಗೆ ಕುಂಯ್.

"ಗುಂಡಿ, ನಿನ್ನ ಹೊಟ್ಟೀನೂ ಹಿಂಗ ಅಂತೈತೇನು?"

"ಮೂರು ದಿನದಿಂದ ಅಂತೈತಿ. ನಿನಗ ಈಗ ಕೇಳಿಸ್ತು?"

ಹತ್ತನೇ ದಿನ ಇಬ್ಬರೂ ಚಾವಡಿಯಲ್ಲಿ ಕೂತರು, ಎರಡೂ ಕಿನ್ನರಿ ಹಿಡಿದು. ಮೊದಲು ತಳದ ತಂತಿ ಉದ್ದಕ್ಕೆ ಗುರುಗುಟ್ಟಿತು. ಆಮೇಲೆ ಮೇಲಿನದು ಕೂಸಿನಂತೆ ರಾಗ ಎಳೆಯಿತು. ನಿಂತಿತು. ಮತ್ತೆ ಶುರುವಾಯಿತು. ಯಾರೂ ನಗಲಿಲ್ಲ.

"ಎಲ್ಲಿಂದ ಕದ್ದೀಯೋ ಇದನ್ನ?" ಗೌಡ ಎದ್ದು ನಿಂತ.

"ನಮ್ಮ ಹೊಟ್ಟಿಯಿಂದ್ರೀ ಗೌಡ್ರ. ಸೀಮಿಯೊಳಗಿನ ಸದ್ದೆಲ್ಲ ನಿಮ್ಮದು ಅಂದ್ರ ಇದೂ ನಿಮ್ಮದ. ಬಂದು ತಗೋರಿ."

ಗೌಡ ಲೆಕ್ಕ ಹಾಕಿದ. ನನ್ನದಂದರೆ ಆ ಹೊಟ್ಟೆ ತುಂಬಿಸಬೇಕು. ನನ್ನದಲ್ಲ ಅಂದರೆ ಜೋಗಿ ಗೆದ್ದ. ಹಿಂದಿನಿಂದ ಅವನ ಮುದಿ ತಾಯಿ ಅಂದಳಂತೆ, "ಹೌದರೆ ಅನ್ನು, ಅಲ್ಲರೆ ಅನ್ನು, ನಾ ಅಂತೂ ರೊಟ್ಟಿ ಬಡಿಯಾಕ ಹೊಂಟೆ." ಅವಳು ಬಡಿದ ಸದ್ದು ಮೂರು ಓಣಿಗೆ ಕೇಳಿಸಿತು. ಅದನ್ನು ಕೇಳಿ ಒಬ್ಬೊಬ್ಬರೇ ಎತ್ತಿನ ಗಂಟೆಯ ಅರಿವೆ ಕಿತ್ತರು. ಗೌಡ ಮತ್ತೆ ಕೂತ. ಕಿನ್ನರಿ ಒಲೆಗೂ ಹೋಗಲಿಲ್ಲ, ಜೋಗಿ ಸೀಮೆಯಾಚೆಗೂ ಹೋಗಲಿಲ್ಲ.

ಮುಂದೆ ವಯಸ್ಸಾಗಿ ತಿರುಕಪ್ಪ ಹೋದ, ಗುಂಡವ್ವ ಹೋದಳು, ಕಿನ್ನರಿಗೂ ಗೆದ್ದಲು ಹಿಡಿಯಿತು. ಆ ನುಡಿಕೆ ಈಗ ಯಾರಿಗೂ ಬರುವುದಿಲ್ಲ. ಆದರೆ ಇವತ್ತಿಗೂ ಕಂಟಿಹಾಳದಲ್ಲಿ ಯಾರದಾದರೂ ಹೊಟ್ಟೆ ಗುರ್ ಅಂದರೆ, ಯಾರದ್ದು ಅಂತ ಕೇಳುವುದಿಲ್ಲ. ಊರಿನವನೋ ಪರವೂರಿನವನೋ ನೋಡುವುದಿಲ್ಲ. "ತಿರುಕಪ್ಪ ಶ್ರುತಿ ಹಿಡಿದಾನ" ಅಂತ ನಕ್ಕು, ಸದ್ದು ಬಂದ ಕಡೆಗೆ ಒಂದು ರೊಟ್ಟಿ ಚಾಚುತ್ತಾರೆ.