ಹೆಸರು ಕೇಳುವ ಒರತೆಯ ಮಹಿಮೆ

ವೀರರು ಉಕ್ಕಿನ ಶಿರಸ್ತ್ರಾಣದಿಂದ ಮುಖವನ್ನು ಸಂಪೂರ್ಣವಾಗಿ ಮುಚ್ಚಿಕೊಂಡು, ಗುರಾಣಿಯ ಮೇಲಿನ ಚಿತ್ರದಿಂದಲೇ ತಮ್ಮ ಕುಲಗೋತ್ರಗಳನ್ನು ಲೋಕಕ್ಕೆ ಸಾರುತ್ತಿದ್ದ ಪ್ರಾಚೀನ ಯುಗದಲ್ಲಿ, ಮಂಜು ಮುಸುಕಿದ ಆಂಗ್ಲದೇಶದ ಉತ್ತರಭಾಗದ ಹಾರ್ನ್‌ಬೆಕ್ ಎಂಬ ಕಣಿವೆಯನ್ನು, ನೈಟ್ ಎಂಬ ಬಿರುದಾಂಕಿತನಾದ ರಾನಲ್ಫನೆಂಬ ಅಶ್ವಾರೋಹಿ ವೀರನು ಧರ್ಮಪತ್ನಿ ಮಾಬೆಲಿ ಹಾಗೂ ಏಕಮಾತ್ರ ಪುತ್ರ ಗಿಲ್ಬರ್ಟನೊಡನೆ ಪಾಲಿಸುತ್ತಿದ್ದನು.

ನೀಲವರ್ಣದ ಮೇಲೆ ಮೂರು ಬೆಳ್ಳಕ್ಕಿಗಳು ಆ ವಂಶದ ಲಾಂಛನ. ತಂದೆಯು ಜೀವಂತನಾಗಿರುವವರೆಗೆ ಹಿರಿಯ ಮಗನ ಗುರಾಣಿಯಲ್ಲಿ ಆ ಬೆಳ್ಳಕ್ಕಿಗಳ ಮೇಲ್ಗಡೆ ಮೂರು ಹಲ್ಲಿನ ಕೆಂಪು ಪಟ್ಟಿಯೊಂದು ಇರತಕ್ಕದ್ದು, ತಂದೆ ಗತಿಸಿದ ಮೇಲೆ ಅದನ್ನು ಅಳಿಸತಕ್ಕದ್ದು ಎಂಬುದು ಅಲ್ಲಿನ ಕುಲಾಚಾರ. ಹೀಗಾಗಿ ಪಟ್ಟಿಯಿಲ್ಲದ ಲಾಂಛನವನ್ನು ಹೊರುವವನು ಒಂದು ಕಾಲಕ್ಕೆ ಒಬ್ಬನೇ.

ಗಿಲ್ಬರ್ಟನಿಗೆ ಏಳು ವರ್ಷ ತುಂಬಿದಾಗ ರಾನಲ್ಫನು ರಾಜಾಜ್ಞೆಯನ್ನು ಶಿರಸಾವಹಿಸಿ ಕಡಲಾಚೆಯ ಯುದ್ಧಕ್ಕೆ ತೆರಳಿ, ಸೋತು, ಸೆರೆಯಾಳಾದನು. ಹದಿಮೂರು ವರ್ಷ ಆ ಕತ್ತಲೆಯ ಕೋಣೆಯಲ್ಲಿ ಅವನನ್ನು ಬದುಕಿಸಿದ್ದು ಒಂದೇ ಆಸೆ: ಮಗನ ಮುಖವನ್ನು ಇನ್ನೊಮ್ಮೆ ನೋಡಬೇಕು. ಇತ್ತ ಒಂಬತ್ತನೆಯ ವರ್ಷದಲ್ಲಿ ಮನೆಗೆ ಬಂದದ್ದು ಮರಣವಾರ್ತೆ. ಮಾಬೆಲಿಯು ಮೂರು ವರ್ಷ ಅದನ್ನು ನಂಬಲಿಲ್ಲ. ಕಡೆಗೆ ಬಂಧುಬಾಂಧವರ ಮಾತಿಗೆ ಕಟ್ಟುಬಿದ್ದು, ಅಡುಗೆಮನೆಯ ಚೂರಿಯಿಂದ ಮಗನ ಗುರಾಣಿಯ ಕೆಂಪು ಪಟ್ಟಿಯನ್ನು ತಾನೇ ಕೆರೆದು ತೆಗೆದಳು. ಅಯ್ಯೋ ತಾಯಿ, ಆ ಕೈ ಇನ್ನೊಂದು ವರ್ಷ ತಡೆಯಬಾರದಿತ್ತೇ!

ಸೆರೆಮನೆಯಿಂದ ತಪ್ಪಿಸಿಕೊಂಡ ರಾನಲ್ಫನು, ಯಾರದೋ ಚಿತ್ರವಿಲ್ಲದ ಗುರಾಣಿ, ಯಾರದೋ ತುಕ್ಕುಹಿಡಿದ ಶಿರಸ್ತ್ರಾಣ ಧರಿಸಿ, ಒಂದು ಮಟಮಟ ಮಧ್ಯಾಹ್ನ ಕಣಿವೆಯ ಹೊಳೆಗೆ ಬಂದು ನಿಂತನು. ದರೋಡೆಕಾರರ ಹಾವಳಿಯ ಕಾಲವಾದ್ದರಿಂದ ಆಚೆ ದಡದಲ್ಲಿ ಕವಚಧಾರಿಯೊಬ್ಬನು ಕಾವಲಿದ್ದನು. ಅವನ ಗುರಾಣಿಯಲ್ಲಿ ಮೂರು ಬೆಳ್ಳಕ್ಕಿಗಳು, ಮೇಲೆ ಪಟ್ಟಿಯಿಲ್ಲ. ‘ಈ ಲಾಂಛನಕ್ಕೆ ಒಡೆಯನು ನಾನೊಬ್ಬನೇ, ನಾನಿಲ್ಲಿರುವಾಗ ಇದನ್ನು ಹೊತ್ತವನು ನನ್ನ ಮನೆಯನ್ನೂ ಮಡದಿಯನ್ನೂ ಅಪಹರಿಸಿದ ಕಳ್ಳನಲ್ಲದೆ ಮತ್ತಾರು?’ ಎಂದು ಬಗೆದನು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಸುಮ್ಮನೆಯೇ? ತಾನು ಸತ್ತಿರುವೆನೆಂದು ಲೋಕ ತಿಳಿದಿರಬಹುದೆಂಬ ಯೋಚನೆ ಆ ಬದುಕಿದ್ದ ಮನುಷ್ಯನಿಗೆ ಹೊಳೆಯಲೇ ಇಲ್ಲ. ಹೆಸರು ಕೇಳಲಿಲ್ಲ. ಕುದುರೆಯನ್ನು ನೀರಿಗಿಳಿಸಿ, ಈಟಿಯೆತ್ತಿ ನುಗ್ಗಿದನು.

ಬಿದ್ದವನ ಶಿರಸ್ತ್ರಾಣದ ಹುರಿ ಬಿಚ್ಚಿ ನೋಡಿದರೆ, ಎಡಹುಬ್ಬಿನ ಮೇಲೆ ಹಳೆಯ ಕಲೆ. ಐದರ ವಯಸ್ಸಿನಲ್ಲಿ ತಾನೇ ಕುದುರೆಯ ಮೇಲೆ ಕೂರಿಸಿ ಕೈಬಿಟ್ಟಾಗ ಆದ ಗಾಯವದು.

ಗಿಲ್ಬರ್ಟನಿಗೆ ಎದುರಿಗಿರುವವನಾರೆಂದು ತಿಳಿಯಲಿಲ್ಲ. “ಅಯ್ಯಾ, ನೀನು ಯಾರಾದರೂ ಆಗಿರು. ನಮ್ಮಮ್ಮನಿಗೆ ಒಂದು ಮಾತು ಹೇಳು. ಅಪ್ಪನ ಲಾಂಛನ ಕೈಬಿಡಲಿಲ್ಲ ಅಂತ ಹೇಳು,” ಎಂದನು. ನಾನೇ ನಿನ್ನ ಅಪ್ಪ ಎಂದು ಹೇಳಲು ರಾನಲ್ಫನು ಬಾಯಿ ತೆರೆದನು, ನಾಲಿಗೆ ಹೊರಳಲಿಲ್ಲ. ಅಷ್ಟರಲ್ಲಿ ಮಗನ ಉಸಿರು ನಿಂತಿತು.

ಸುದ್ದಿ ಕೇಳಿ ಓಡಿಬಂದ ಮಾಬೆಲಿಯು ಗಂಡನನ್ನೂ ಹೆಣವನ್ನೂ ಒಟ್ಟಿಗೆ ಕಂಡಳು. “ಪಟ್ಟಿ ಕೆರೆದವಳು ನಾನು. ಈಟಿ ನಿಮ್ಮದು. ಯಾರನ್ನು ಬೈಯಲಿ?” ಎಂದಷ್ಟೇ ನುಡಿದಳು.

ಮಗನನ್ನು ಆ ದಡದಲ್ಲಿಯೇ ಮಣ್ಣುಮಾಡಿ, ಅನ್ನನೀರು ತೊರೆದು ಮರಣವನ್ನೇ ಬೇಡುತ್ತ ಕುಳಿತ ರಾನಲ್ಫನಿಗೆ ಮೂರನೆಯ ದಿನ, ಸೂರ್ಯೋದಯ ಸಮಯದಲ್ಲಿ, ಶಿಲುಬೆಯಲ್ಲಿ ಮಗನನ್ನು ಕಳೆದುಕೊಂಡ ದೇವಮಾತೆಯ ವಾಣಿಯು ಕೇಳಿಸಿತು: “ಮಗನ ಶವವನ್ನು ಮಡಿಲಲ್ಲಿ ಮಲಗಿಸಿಕೊಂಡವಳು ನಾನೂ. ಸಾವನ್ನು ಬೇಡಬೇಡ, ಅದು ಸುಲಭ. ಈ ದಾರಿಯಲ್ಲಿ ಬಂದವರ ಹೆಸರು ಕೇಳು. ಹೇಳಿದವರಿಗೆ ನೀರು ಕೊಡು.” ಒಡನೆಯೇ ಸಮಾಧಿಯ ಪಕ್ಕದ ಕರಿಬಂಡೆಯು ಸೀಳಿ, ಶುಭ್ರೋದಕವು ಉಕ್ಕಿತು.

ಅಂದಿನಿಂದ ಇಪ್ಪತ್ತೆರಡು ವರ್ಷ ರಾನಲ್ಫನು ಆ ಒರತೆಯ ಬಳಿಯೇ ಗುಡಿಸಲು ಕಟ್ಟಿಕೊಂಡು, ಬಂದವರ ಹೆಸರು ಕೇಳಿ, ಬೊಗಸೆಗೆ ನೀರೆರೆದನು. ದಿನಕ್ಕೊಮ್ಮೆ ಮಾಬೆಲಿಯೂ ಬರುತ್ತಿದ್ದಳು. ಅವಳನ್ನೂ ಅವನು ಹೆಸರು ಕೇಳುತ್ತಿದ್ದನು. “ಗಿಲ್ಬರ್ಟನ ತಾಯಿ,” ಎನ್ನುತ್ತಿದ್ದಳು, ಕುಡಿದು ಹೊರಟುಹೋಗುತ್ತಿದ್ದಳು. ಕೊನೆಗೊಂದು ಚಳಿಗಾಲದಲ್ಲಿ, ಅವನು ಮೇಲೇಳಲಾರದೆ ಮಲಗಿದ್ದಾಗ, ಆಕೆಯೇ ಒರತೆಯ ನೀರನ್ನು ತಂದು ತುಟಿಯ ಬಳಿ ಹಿಡಿದು, “ನಿಮ್ಮ ಹೆಸರು?” ಎಂದು ಕೇಳಿದಳು.

“ಗಿಲ್ಬರ್ಟನ ತಂದೆ,” ಎಂದನು ರಾನಲ್ಫನು. ಮಗನೆದುರು ಬಾರದೆ ಉಳಿದ ಆ ಮಾತು ಹೊರಬಂದ ಮೇಲೆ ನೀರು ಕುಡಿದು, ಹೆಂಡತಿಯ ಕೈಯಲ್ಲಿಯೇ ಪ್ರಾಣಬಿಟ್ಟನು.

ಸೀಳಿದ ಕರಿಬಂಡೆಯನ್ನೂ ಬೇಸಿಗೆಯಲ್ಲಿಯೂ ಬತ್ತದ ಒರತೆಯನ್ನೂ ಭಕ್ತಾದಿಗಳು ಹಾರ್ನ್‌ಬೆಕ್‌ನಲ್ಲಿ ಇಂದಿಗೂ ದರ್ಶಿಸಬಹುದು. ಇಲ್ಲಿ ಟೋಪಿ ತೆಗೆದು, ಮುಖ ತೋರಿಸಿ, ಹೆಸರು ಹೇಳಿಯೇ ನೀರು ಮುಟ್ಟಬೇಕು. ಮಕ್ಕಳನ್ನು ಹೆತ್ತವರು ಮಾತ್ರ ತಮ್ಮ ಹೆಸರನ್ನು ಹೇಳುವುದಿಲ್ಲ, ಮಕ್ಕಳ ಹೆಸರನ್ನು ಹೇಳುತ್ತಾರೆ. ಮಕ್ಕಳನ್ನು ಕಳೆದುಕೊಂಡವರೂ ಬರುತ್ತಾರೆ. ಮನೆಯಲ್ಲಿ ಯಾರೂ ಎತ್ತದ ಆ ಹೆಸರನ್ನು ಅವರು ಇಲ್ಲಿ ಗಟ್ಟಿಯಾಗಿ ಹೇಳುತ್ತಾರೆ. ಸುತ್ತ ನಿಂತವರು ತಲೆಬಾಗಿ ಕೇಳುತ್ತಾರೆ.